ಜಗಳೂರಿನಲ್ಲಿ ತೆರೆಯದ ಪುಟ

ಮದುವೆಯಾಗಿ ಒಂಬತ್ತು ವರ್ಷ ಕಳೆದ ಮೇಲೂ ಹೆಂಡತಿಯ ದಾರಿ ಕಾಯುವ ಗಂಡಸರಿದ್ದಾರೆ ಎಂದರೆ ಚನ್ನಗಿರಿಯಲ್ಲಿ ಯಾರೂ ನಂಬುವುದಿಲ್ಲ. ಹೊಸದರಲ್ಲಿ ಎಲ್ಲರೂ ಕಾಯುತ್ತಾರೆ. ಆಮೇಲೆ ತವರಿಗೆ ಹೋದವಳು ಇನ್ನೆರಡು ದಿನ ಇದ್ದೇ ಬರಲಿ ಅನ್ನುತ್ತಾರೆ. ಅದು ಲೋಕರೂಢಿ. ನನ್ನದು ಹಾಗಲ್ಲ. ನನ್ನ ಹೆಂಡತಿ ಗಿರಿಜಾ ಜಗಳೂರಿನ ಹೈಸ್ಕೂಲೊಂದರಲ್ಲಿ ಕನ್ನಡ ಮೇಡಂ. ಮೂರು ವರ್ಷದ ಹಿಂದೆ ಅಲ್ಲಿಗೆ ವರ್ಗವಾಯಿತು, ಅಲ್ಲೇ ಒಂದು ರೂಮು ಹಿಡಿದಿದ್ದಾಳೆ. ಶನಿವಾರ ಬೆಳಗಿನ ಶಾಲೆ ಮುಗಿಸಿ ಹೊರಟರೆ ದಾವಣಗೆರೆಯಲ್ಲಿ ಬಸ್ಸು ಬದಲಿಸಿ, ತ್ಯಾವಣಿಗೆ, ನಲ್ಲೂರು ದಾಟಿ ಮನೆ ಸೇರುವಾಗ ನಾಲ್ಕು ಗಂಟೆ. ಸೋಮವಾರ ಬೆಳಗಾಗುತ್ತಲೇ ವಾಪಸ್. ನಡುವೆ ಸಿಗುವ ಒಂದೂವರೆ ದಿನವೇ ನಮ್ಮ ಸಂಸಾರ. ಹೀಗಾಗಿ ನಾನು ಶುಕ್ರವಾರದಿಂದಲೇ ಮನೆ ಗುಡಿಸಲು ಶುರು ಮಾಡುತ್ತೇನೆ. ಪಕ್ಕದ ಮನೆಯವರು "ಮೇಡಂ ನಾಳೆ ಬರ್ತಾರೇನ್ರೀ?" ಎಂದು ಕೇಳುವುದು ನನ್ನ ಪೊರಕೆಯ ಸದ್ದು ಕೇಳಿಯೇ.

ನನ್ನ ಕಸುಬು ವೆಬ್‌ಸೈಟ್ ಮಾಡುವುದು. ಕಲ್ಯಾಣ ಮಂಟಪ, ಬೀಜ ಗೊಬ್ಬರದ ಅಂಗಡಿ, ನರ್ಸರಿ ಶಾಲೆ, ಯಾರು ಕೇಳಿದರೂ ಮಾಡಿಕೊಡುತ್ತೇನೆ. ಗಿರಿಜಾ ಒಂದು ಶನಿವಾರ ಜಗಳೂರಿನ ಬಸ್ ಸ್ಟ್ಯಾಂಡಿನಲ್ಲಿ ಮುಕ್ಕಾಲು ಗಂಟೆ ನಿಂತೇ ಕಾದಳೆಂದು ತಿಳಿದಾಗ ನನ್ನೊಳಗಿನ ಗಂಡ ಮತ್ತು ಕಸುಬುದಾರ ಇಬ್ಬರೂ ಒಟ್ಟಿಗೆ ಎದ್ದರು. ಹೊನ್ನಾಳಿ, ನ್ಯಾಮತಿ, ಜಗಳೂರುಗಳಿಂದ ಚನ್ನಗಿರಿಗೆ ಬರುವ ಬಸ್ಸುಗಳ ವೇಳೆಯನ್ನೆಲ್ಲ ತೋರಿಸುವ ಒಂದು ಪುಟ ಮಾಡಿದೆ. ವೇಳೆಗಳನ್ನು ಕೊಟ್ಟವರು ನನಗೆ ಬಹಳ ದಿನದಿಂದ ಪರಿಚಯವಿರುವ ಕಂಡಕ್ಟರ್ ರುದ್ರೇಶಣ್ಣ. ಹೊನ್ನಾಳಿ, ನ್ಯಾಮತಿಗಳನ್ನು ಸೇರಿಸಿದ್ದು ಲೋಕೋಪಕಾರಕ್ಕೆ ಎಂದು ಎಲ್ಲರಿಗೂ ಹೇಳಿದ್ದೆ. ನಿಜ ಹೇಳಬೇಕೆಂದರೆ, ಬರೀ ಹೆಂಡತಿಗೋಸ್ಕರ ಮಾಡಿದೆ ಅನ್ನಲು ನಾಚಿಕೆಯಾಗಿತ್ತು.

ಹತ್ತು ವೇಳೆಗಳನ್ನು ತೋರಿಸಲು ಒಂದು ಪುಟ್ಟ ಪಟ್ಟಿ ಸಾಕಿತ್ತು. ಆದರೆ ಪ್ರೀತಿಯಿಂದ ಮಾಡುವ ಅಡುಗೆಗೆ ಯಾರಾದರೂ ಉಪ್ಪು ಖಾರ ಅಳೆದು ಹಾಕುತ್ತಾರೆಯೇ? ನಾನು ಫ್ರೇಮ್‌ವರ್ಕ್ ಎಂಬ ಹೊಸ ಸಿದ್ಧ ಚೌಕಟ್ಟೊಂದನ್ನು ಹಿಡಿದು ಇಡೀ ಜಿಲ್ಲೆಯ ನಕ್ಷೆ ಹಾಕಿದೆ. ಮೇಲುಗಡೆ ಹಾರ್ನ್ ಹೊಡೆಯುತ್ತ ಸಾಗುವ ಬಸ್ಸು. ಮೂಲೆಯಲ್ಲಿ ತಿರುಗುವ ಗಡಿಯಾರ. ಎರಡು ಚಿತ್ರ ಬೇಕಿದ್ದಲ್ಲಿ ಸಾವಿರ ಚಿತ್ರಗಳ ಕಟ್ಟು. ಇಷ್ಟನ್ನೂ ಓಡಿಸುವ ಜಾವಾಸ್ಕ್ರಿಪ್ಟ್ ಕೋಡು ಸೇರಿ ಸೇರಿ ಒಂದೇ ಫೈಲಾಗಿ, ನಾಲ್ಕು ಎಂಬಿ ದಪ್ಪಗೆ ಕೂತಿತು. ಪುಟ ತೆರೆಯಬೇಕೆಂದರೆ ಆ ಫೈಲು ಪೂರ್ತಿ ಫೋನಿಗೆ ಇಳಿಯಬೇಕು. ನಮ್ಮ ಮನೆಯ ವೈಫೈನಲ್ಲಿ ಕಣ್ಣು ಮಿಟುಕಿಸುವಷ್ಟರಲ್ಲಿ ಇಳಿಯುತ್ತಿತ್ತು. ನಾನು ಕೂತಲ್ಲೇ ಹಿಗ್ಗಿದೆ.

ಆ ಶನಿವಾರ ಹನ್ನೆರಡೂವರೆಗೆ ಜಗಳೂರಿನಿಂದ ಫೋನು ಬಂತು.

"ರೀ, ನಿಮ್ಮ ಪುಟ ಬೆಳ್ಳಗೈತೆ."

"ಸ್ವಲ್ಪ ತಾಳು ಗಿರಿಜಾ, ಬರುತ್ತೆ."

"ಏನೋ ಒಂದು ಚಕ್ರ ತಿರುಗಾಕ ಹತ್ತೈತೆ. ಬಸ್ಸಿಂದಾ ಇದು?"

"ಅಲ್ಲ, ಅದು ಲೋಡ್ ಆಗ್ತಿರೋದು. ಅಲ್ಲಿ ನೆಟ್ ನಿಧಾನ. ನಕ್ಷೆ ಬರಬೇಕಲ್ಲ."

"ನಕ್ಷೆ ಯಾಕ್ರೀ? ಜಗಳೂರು ಎಲ್ಲೈತೆ ಅಂತ ನನಗೆ ಗೊತ್ತಿಲ್ಲೇನು? ನಾನು ಅಲ್ಲೇ ನಿಂತೀನಿ."

ಫೋನು ನೋಡುತ್ತ ನಿಂತವಳ ಬೆನ್ನ ಹಿಂದೆಯೇ ಹನ್ನೆರಡು ಮುಕ್ಕಾಲರ ಬಸ್ಸು ಬಂದು ಹೋಯಿತು. ಆವತ್ತು ಅವಳು ಮನೆ ಸೇರಿದ್ದು ದೀಪ ಹಚ್ಚುವ ಹೊತ್ತಿಗೆ. ನಾನು ಬಿಸಿಯಾಗಿ ಬಡಿದಿಟ್ಟ ರೊಟ್ಟಿಗಳು ಹಪ್ಪಳವಾಗಿದ್ದವು. ಅವಳು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಮರುದಿನ ಭಾನುವಾರ ಗಿರಿಜಾ ನನ್ನ ಪಕ್ಕ ಕುರ್ಚಿ ಎಳೆದುಕೊಂಡು ಕೂತಳು. ಮಕ್ಕಳ ಪ್ರಬಂಧ ತಿದ್ದಿ ಪಳಗಿದ ಕಣ್ಣು ಅವಳದು. "ಇದೇನು?" ಅಂದಳು. ದೇಶ ದೇಶಗಳ ವೇಳೆಯನ್ನು ಲೆಕ್ಕ ಹಾಕುವ ಕೋಡು ಎಂದೆ. "ನ್ಯಾಮತಿ ಬಸ್ಸಿಗೆ ಜಪಾನಿನ ಟೈಮ್ ಯಾಕೆ ಬೇಕ್ರೀ?" ತೆಗೆದೆ. ಹಾರ್ನ್ ಹೊಡೆಯುವ ಬಸ್ಸು ಹೋಯಿತು. ಗಡಿಯಾರ ಹೋಯಿತು. ಚಿತ್ರಗಳ ಕಟ್ಟಿನಲ್ಲಿ ಎರಡು ಉಳಿದವು. ನಕ್ಷೆಯನ್ನು ಮಾತ್ರ ಬಿಡಲಾರದೆ ಬೇರೆ ತುಂಡು ಮಾಡಿ, ಬೇಕೆಂದವರು ಒತ್ತಿದಾಗಷ್ಟೇ ಇಳಿಯುವಂತೆ ಇಟ್ಟೆ. ಕೊನೆಗೆ ಉಳಿದ ಕೋಡನ್ನು ಕುಗ್ಗಿಸಬೇಕಿತ್ತು. ಅಂದರೆ ಖಾಲಿ ಜಾಗಗಳನ್ನೆಲ್ಲ ಅಳಿಸಿ, ಉದ್ದುದ್ದ ಹೆಸರುಗಳನ್ನು ಒಂದೊಂದು ಅಕ್ಷರಕ್ಕೆ ಇಳಿಸುವುದು. ಆ ಕೆಲಸವನ್ನು ಕಂಪ್ಯೂಟರೇ ಮಾಡುತ್ತದೆ. ಒತ್ತುವ ಮೊದಲು ಅವಳು ಪರದೆಯತ್ತ ಬಾಗಿದಳು.

"ಇಲ್ಲಿ 'ಗಿರಿಜಾಬರುವಬಸ್ಸು' ಅಂತ ಬರದೀರಲ್ಲ?"

"ಅದು... ಒಂದು ಹೆಸರು. ಏನಾದ್ರೂ ಇಡಬೇಕಲ್ಲ."

"ಈಗ ಅದೇನಾಗ್ತೈತೆ?"

"ಬರೀ 'ಎ' ಆಗುತ್ತೆ."

ಅವಳು ಸುಮ್ಮನೆ ನಕ್ಕಳು. ಆ ನಗೆಯನ್ನು ನೋಡುವುದಕ್ಕೆ ಇನ್ನೂ ನಾಲ್ಕು ಎಂಬಿ ಬರೆಯುತ್ತಿದ್ದೆ. ಒಟ್ಟಿನಲ್ಲಿ ಸಂಜೆಯ ಹೊತ್ತಿಗೆ ಫೈಲು ಹತ್ತರಲ್ಲಿ ಒಂದು ಪಾಲಿಗೆ ಇಳಿಯಿತು. ಸಿಕ್ಕ ಒಂದೂವರೆ ದಿನದಲ್ಲಿ ಒಂದು ದಿನ ಅದಕ್ಕೇ ಹೋಯಿತು ಎಂಬುದು ಅವಳನ್ನು ಸೋಮವಾರ ಬಸ್ಸು ಹತ್ತಿಸಿ ಬಂದ ಮೇಲೆ ಹೊಳೆಯಿತು.

ಅಲ್ಲಿಗೆ ಬಿಟ್ಟಿದ್ದರೆ ಒಳ್ಳೆಯದಿತ್ತು. ಆದರೆ ಕಸುಬುದಾರನಿಗೆ ಚಪಲ. ಪ್ರತಿ ಶನಿವಾರ ಅವಳ ಫೋನು ಅದೇ ಫೈಲನ್ನು ಮತ್ತೆ ಯಾಕೆ ಇಳಿಸಿಕೊಳ್ಳಬೇಕು? ಕ್ಯಾಶ್ ಮಾಡಿದೆ. ಇದನ್ನು ಹೇಳಿದಾಗ ರುದ್ರೇಶಣ್ಣ ಟಿಕೆಟ್ ದುಡ್ಡಿನ ಚೀಲ ಮುಟ್ಟಿ ನೋಡಿಕೊಂಡರು. ಆ ಕ್ಯಾಶ್ ಅಲ್ಲ. ಒಮ್ಮೆ ಇಳಿದ ಫೈಲನ್ನು ಫೋನೇ ತನ್ನ ಬಳಿ ಇಟ್ಟುಕೊಂಡು, ಮುಂದಿನ ಸಲ ನಮ್ಮನ್ನು ಕೇಳದೆ ಅದನ್ನೇ ತೋರಿಸುವುದು. ಎಷ್ಟು ದಿನ ಇಟ್ಟುಕೊಳ್ಳಬೇಕೆಂದು ನಾವು ಹೇಳಬೇಕು. ನಾನು ಧಾರಾಳವಾಗಿ ಒಂದು ವರ್ಷ ಅಂದೆ. ಪರಿಣಾಮ ಅದ್ಭುತ. "ಮುಟ್ಟೋದ್ರೊಳಗ ಬಂತ್ರೀ!" ಎಂದಳು ಗಿರಿಜಾ. ಒಂದು ತಿಂಗಳು ನೆಲದ ಮೇಲೆ ನಡೆದ ನೆನಪು ನನಗಿಲ್ಲ.

ಅಷ್ಟರಲ್ಲಿ ಅವಳಿಗೆ ಪರೀಕ್ಷೆಯ ಕೆಲಸ ಬಿತ್ತು. ಬರುವ ಶನಿವಾರ ಒಮ್ಮೆ ಬಂದು ಹೋದರೆ ಮುಂದೆ ಮೂರು ವಾರ ಬರುವಂತಿಲ್ಲ. ಅದೇ ವಾರ ರುದ್ರೇಶಣ್ಣ ಫೋನು ಮಾಡಿ, "ಸಾರ್, ಜಗಳೂರಿನ ಹನ್ನೆರಡು ಮುಕ್ಕಾಲು ಈಗ ಹನ್ನೆರಡೂಕಾಲು ಆಗೈತೆ. ಬರೆದುಕೊಳ್ಳಿ" ಅಂದರು. ಕೂಡಲೇ ತಿದ್ದಿದೆ. ನನ್ನ ಪರದೆಯಲ್ಲಿ ಹನ್ನೆರಡೂಕಾಲು ಎಂದು ಸ್ಪಷ್ಟವಾಗಿ ಮೂಡಿತು. ವೇಳೆಗಳೂ ಆ ಕ್ಯಾಶ್ ಮಾಡಿದ ಫೈಲಿನೊಳಗೇ ಇದ್ದವು ಎಂಬುದು ಮಾತ್ರ ನನ್ನ ತಲೆಗೆ ಬರಲಿಲ್ಲ. ಅವಳ ಫೋನು, ಹೇಳಿದ ಮಾತಿಗೆ ತಪ್ಪದ ಪ್ರಾಮಾಣಿಕ ಫೋನು, ಹಳೆಯದನ್ನೇ ಇಟ್ಟುಕೊಂಡಿತ್ತು.

"ಹನ್ನೆರಡು ಐವತ್ತಾತು, ಬಸ್ಸೇ ಇಲ್ಲಲ್ರೀ."

"ಹನ್ನೆರಡೂಕಾಲಿಗೇ ಹೋಯ್ತಲ್ಲ! ಪುಟದಲ್ಲಿ ನೋಡಲಿಲ್ವಾ?"

"ನೋಡೇ ಬಂದೀನಿ. ಹನ್ನೆರಡು ಮುಕ್ಕಾಲು ಅಂತೈತೆ."

"ಒಂದು ಕೆಲಸ ಮಾಡು, ಸೆಟ್ಟಿಂಗ್ಸ್‌ಗೆ ಹೋಗಿ, ಹಿಸ್ಟರಿ ಒತ್ತಿ, ಅಲ್ಲಿ..."

"ಅದನ್ನ ಒತ್ತಿದರೆ ಬಸ್ಸು ವಾಪಸ್ ಬರ್ತೈತೇನ್ರೀ?"

ಮುಂದಿನ ಬಸ್ಸು ಹಿಡಿದರೆ ಚನ್ನಗಿರಿಗೆ ಬರುವಾಗ ಎಷ್ಟು ಹೊತ್ತಾಗುತ್ತದೋ. ಅವಳಿಗೆ ತಲೆನೋವು ಬೇರೆ. "ಈ ವಾರ ಬಿಡ್ರಿ, ನನ್ನ ಕೈಲಾಗಲ್ಲ" ಎಂದಳು. ಗುಡಿಸಿ ಸಾರಿಸಿದ ಮನೆಯ ನಡುವೆ ಫೋನು ಹಿಡಿದು ನಿಂತಿದ್ದೆ. ನಾಲ್ಕು ವಾರ! ಅವಳೇ ಕೇಳಿದಳು:

"ಅಲ್ಲಿಂದ ಜಗಳೂರಿಗೆ ಬರಾಕೆ ಬಸ್ಸು ಇಲ್ಲೇನ್ರೀ? ನಿಮ್ಮ ಪುಟದಾಗ ಎಷ್ಟು ಹುಡುಕಿದರೂ ಆ ಟೈಮೇ ಸಿಗಲಿಲ್ಲ."

ಜಗಳವಾಡುವ ದನಿಯಲ್ಲ. ನಿಜವಾಗಿ ಗೊತ್ತಿಲ್ಲದವರು ಕೇಳುವ ಹಾಗೆ ಕೇಳಿದಳು. ಮೂರು ವರ್ಷದಲ್ಲಿ ನಾನು ಜಗಳೂರಿಗೆ ಹೋದದ್ದು ಒಂದೇ ಸಲ, ಅವಳ ಸಾಮಾನು ಇಳಿಸಲು. ಜಪಾನಿನ ವೇಳೆಯನ್ನೂ ತುಂಬಿದ್ದ ನನಗೆ ಆ ಕಡೆ ಹೋಗುವ ಒಂದು ಬಸ್ಸು ಬರೆಯಬೇಕೆಂದು ತೋಚಿರಲಿಲ್ಲ. ಕಾಯುವುದೇ ಪ್ರೀತಿ ಎಂದುಕೊಂಡು ಹಾಯಾಗಿದ್ದೆ. ಓಡಾಡುವುದನ್ನೆಲ್ಲ ಅವಳಿಗೆ ಬಿಟ್ಟಿದ್ದೆ.

ಚಪ್ಪಲಿ ಮೆಟ್ಟಿ ಹೊರಟೆ. ಯಾವ ಪುಟವನ್ನೂ ನೋಡದೆ, ದಾರಿಯಲ್ಲಿ ಅವರಿವರನ್ನು ಕೇಳುತ್ತ ಬಸ್ಸು ಬದಲಿಸಿ ಜಗಳೂರು ಮುಟ್ಟಿದಾಗ ಹೊತ್ತು ಇಳಿದಿತ್ತು. ಮನೆಯ ಓನರಮ್ಮ ಬಾಗಿಲಲ್ಲೇ ತಡೆದರು. "ಯಾರು ಬೇಕಾಗಿತ್ರಿ?" ಗಂಡ ಎಂದೆ. ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಅಯ್ಯೋ, ಮೇಡಮ್ಮೋರ ಯಜಮಾನ್ರು ದುಬೈನಾಗೆ ಇರಬೌದು ಅಂದ್ಕಂಡಿದ್ವಿ" ಅಂದರು. ಒಳಗೆ ಒಂದು ತಟ್ಟೆ, ಒಂದು ಲೋಟ, ಒಂದೇ ದಿಂಬು. ಗಿರಿಜಾ ತನ್ನ ಲೋಟದಲ್ಲಿ ನನಗೆ ಚಹಾ ಕೊಟ್ಟು, ತಾನು ಸಣ್ಣ ಪಾತ್ರೆಯಲ್ಲೇ ಕುಡಿದಳು. ಭಾನುವಾರ ಪೇಟೆಗೆ ಹೋಗಿ ಒಂದು ತಟ್ಟೆ, ಒಂದು ಲೋಟ ತಂದೆವು. ಮದುವೆಯಾದ ಹೊಸದರಲ್ಲಿ ಪಾತ್ರೆ ಕೊಂಡಾಗಿನಷ್ಟೇ ಹೊತ್ತು ಆರಿಸಿದೆವು.

ಆಮೇಲೆ ಪುಟವನ್ನು ಸರಿ ಮಾಡಿದೆ. ವೇಳೆಗಳು ಈಗ ಬೇರೆ ಪುಟ್ಟ ಫೈಲಿನಲ್ಲಿವೆ, ಫೋನು ಪ್ರತಿ ಸಲ ಹೊಸದಾಗಿ ಕೇಳಿ ತರಿಸಿಕೊಳ್ಳುತ್ತದೆ. ದೊಡ್ಡ ಫೈಲನ್ನು ತಿದ್ದಿದಾಗಲೆಲ್ಲ ಅದರ ಹೆಸರೇ ಬದಲಾಗುತ್ತದೆ, ಹಾಗಾಗಿ ಹೊಸ ಹೆಸರು ಕಂಡ ಫೋನು ಹಳೆಯದನ್ನು ತೋರಿಸುವ ಹಾಗಿಲ್ಲ. ಜಗಳೂರಿಗೆ ಹೋಗುವ, ಬರುವ ಎರಡೂ ವೇಳೆಗಳಿವೆ. ವಾರ ಬಿಟ್ಟು ವಾರ ನಾನೇ ಹೋಗುತ್ತೇನೆ. ಹೀಗಾಗಿ ಸೋಮವಾರ ಬೆಳಿಗ್ಗೆ ಕಿಟಕಿ ಪಕ್ಕ ಕೂತು, ಕೆಳಗೆ ಟಿಫಿನ್ ಡಬ್ಬಿ ಚಾಚಿ ನಿಂತವಳನ್ನು ನೋಡುವ ಸಂಕಟ ಈಗ ನನ್ನ ಪಾಲಿಗೂ ಬಂದಿದೆ. ಮೊನ್ನೆ ಹಾಗೆ ಕೂತಿದ್ದಾಗ ಇನ್ನೊಂದು ಐದು ನಿಮಿಷ ಬಸ್ಸು ಹೊರಡದಿರಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಡ್ರೈವರು ಸೀಟಿಗೆ ಬಂದು ಕೂತ, ನನ್ನ ಪುಟದಲ್ಲಿ ಬರೆದಿರುವ ನಿಮಿಷಕ್ಕೇ ಗಾಡಿ ಬಿಟ್ಟ. ಪಕ್ಕದಲ್ಲಿದ್ದ ಯಜಮಾನರೊಬ್ಬರು ಫೋನಿನಲ್ಲಿ ಅದೇ ಪುಟ ತೆರೆದು ನೋಡಿ, "ಯಾವನೋ ಪುಣ್ಯಾತ್ಮ ಕರೆಕ್ಟಾಗಿ ಮಾಡ್ಯಾನೆ ನೋಡ್ರಿ" ಎಂದರು. ಆ ಪುಣ್ಯಾತ್ಮನನ್ನು ನಾನು ಮನಸಾರೆ ಬೈದುಕೊಂಡೆ.