ವಾಚ್ ರಿಪೇರಿಯವನು ಮನೆ ತೊಳೆದದ್ದು

ಬೆಳಿಗ್ಗೆ ಓನರಮ್ಮ ಫೋನ್ ಮಾಡಿ, "ಸಾಯಂಕಾಲ ಬರ್ತೀನಪ್ಪಾ, ಮನೆ ವಿಷಯ ಸ್ವಲ್ಪ ಮಾತಾಡೋದಿದೆ" ಎಂದು ಇಟ್ಟುಬಿಟ್ಟರು. ಬಾಡಿಗೆ ಮನೆಯಲ್ಲಿ ಇದ್ದವರಿಗೆ ಈ ಮಾತಿನ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ವಾಚ್ ರಿಪೇರಿಯವನು ಅಂದು ಅಂಗಡಿ ತೆರೆಯಲಿಲ್ಲ.

ಹೆಂಡತಿಗೆ ದಿನ ತುಂಬಿತ್ತು. ಈ ಹೊತ್ತಿನಲ್ಲಿ ಮನೆ ಬಿಡಿ ಅಂದರೆ ಗಂಟುಮೂಟೆ ಕಟ್ಟಿಕೊಂಡು ಎಲ್ಲಿಗೆ ಹೋಗುವುದು? ಓನರಮ್ಮನ ಕಣ್ಣಿಗೆ ಏನೇನು ಬಿದ್ದೀತೆಂದು ತಿಳಿಯಲು ಅವನು ರಿಪೇರಿಯ ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡು ಮನೆಯೆಲ್ಲ ಸುತ್ತಿದ. ಮಾಡಬಾರದ ಕೆಲಸ ಅದು. ಆ ಗಾಜಿನಲ್ಲಿ ಧೂಳಿನ ಕಣವೇ ಕಡಲೆಕಾಳಿನಷ್ಟು ಕಾಣುತ್ತದೆ. ಇನ್ನು ವರ್ಷಗಟ್ಟಲೆ ಸೀಮೆಎಣ್ಣೆ ಸ್ಟವ್ವಿನ ಹೊಗೆ ಕುಡಿದ ಗೋಡೆ ಹೇಗೆ ಕಂಡಿರಬೇಡ!

"ರೀ, ಅಂಗಡಿ ಫಿನಾಯಿಲ್ ಮಾತ್ರ ತರಬೇಡಿ. ಆ ವಾಸನೆಗೆ ಕರುಳೆಲ್ಲ ಬಾಯಿಗೆ ಬರುತ್ತೆ" ಎಂದಳು ಕಾಲು ಚಾಚಿ ಕೂತಿದ್ದ ಹೆಂಡತಿ.

"ಮನೇಲೇ ಏನಾದ್ರೂ ಮಾಡ್ತೀನಿ ಬಿಡು" ಎಂದ ಅವನು. ಆ ಮಾತು ಕಿಟಕಿಯಿಂದ ಹೊರಗೆ ಹೋಯಿತು. ಈ ಕಟ್ಟಡದಲ್ಲಿ ಕಿಟಕಿಯಿಂದ ಹೊರಗೆ ಹೋದ ಮಾತು ಬಾಗಿಲಿನಿಂದ ಮನುಷ್ಯರನ್ನು ಕರೆದುಕೊಂಡು ವಾಪಸ್ಸು ಬರುತ್ತದೆ.

ಮೊದಲು ಇಳಿದು ಬಂದವರು ಮೇಲಿನ ಮಹಡಿಯ ಆಂಟಿ. "ವಿನಿಗರ್‌ನಲ್ಲಿ ನಿಂಬೆ ಸಿಪ್ಪೆ ಹಾಕಿ ಇಡಪ್ಪ. ಹುಳಿಗೆ ಬಗ್ಗದ ಕೊಳೆ ಇಲ್ಲ" ಎಂದು ತಮ್ಮ ಮನೆಯ ವಿನಿಗರ್ ಬಾಟಲಿಯನ್ನೇ ತಂದುಕೊಟ್ಟರು.

ಅವರು ಮೆಟ್ಟಿಲು ಹತ್ತುವಷ್ಟರಲ್ಲಿ ಎದುರು ಮನೆಯ ಮೇಷ್ಟ್ರು ಬಂದರು. ಇತಿಹಾಸ ಕಲಿಸಿ ನಿವೃತ್ತರಾದವರು. ಆಮೇಲೆ ಎಲ್ಲ ವಿಷಯವನ್ನೂ ಕಲಿಸುತ್ತಿದ್ದರು. "ಹುಳಿಯಂತೆ ಹುಳಿ! ಆಯಮ್ಮನ ಮಾತು ಕೇಳ್ಬೇಡ. ಅಡುಗೆ ಸೋಡ ಹಾಕು. ನಾನು ನಿಂತು ನೋಡ್ತೀನಿ" ಎಂದು ತಂದಿದ್ದ ಪೊಟ್ಟಣ ಬಿಚ್ಚಿದರು.

ವಾಚ್ ರಿಪೇರಿಯವನಿಗೆ ಯಾರಿಗೂ ಇಲ್ಲ ಅಂದು ಅಭ್ಯಾಸವಿಲ್ಲ. ಆಂಟಿಯ ವಿನಿಗರ್ ಚೆಲ್ಲುವ ಹಾಗಿಲ್ಲ, ಮೇಷ್ಟ್ರ ಸೋಡ ಬೇಡ ಅನ್ನುವ ಹಾಗಿಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಎರಡನ್ನೂ ಒಂದೇ ಪ್ಲಾಸ್ಟಿಕ್ ಬಾಟಲಿಗೆ ಹಾಕಿದ. ಅದು ಬುಸ್ಸೆಂದು ಉಕ್ಕಿತು.

"ಶಕ್ತಿ ಹೊರಗೆ ಹೋಗ್ತಿದೆ, ಮುಚ್ಚು ಮುಚ್ಚು!" ಎಂದರು ಮೇಷ್ಟ್ರು.

ಬೇರೆ ಯಾರಾದರೂ ಆಗಿದ್ದರೆ ಮುಚ್ಚಳ ಸಡಿಲವಾಗಿರುತ್ತಿತ್ತು. ಇವನದು ವಾಚಿನೊಳಗೆ ನೀರು ಹೋಗದಂತೆ ಹಿಂಬದಿಯ ಮುಚ್ಚಳ ತಿರುಪುವ ಕೈ. ಬಾಟಲಿಯ ಹೊಟ್ಟೆ ಉಬ್ಬಿತು. ಇಬ್ಬರೂ ಬಗ್ಗಿ ನೋಡುತ್ತಿರುವಾಗ ಢಂ ಎಂದು ಮುಚ್ಚಳ ಹಾರಿ ತಾರಸಿಗೆ ಬಡಿಯಿತು. ನೊರೆ ಗೋಡೆಯ ಮೇಲೆ ಧಾರಾಕಾರವಾಗಿ ಇಳಿಯಿತು. ಮೇಷ್ಟ್ರು ಮೇಜಿನ ಕೆಳಗಿದ್ದರು. ಹೆಂಡತಿ ಹೊಟ್ಟೆ ಹಿಡಿದುಕೊಂಡು, "ನಾನು ಇಲ್ಲೇ ಹೆರಬೇಕಾ ಹೇಗೆ?" ಎಂದು ಕೂಗಿದಳು.

ನೊರೆ ಇಳಿದ ಕಡೆಯಲ್ಲೆಲ್ಲ ಗೋಡೆಯ ಕೊಳೆ ಬಿಟ್ಟಿತ್ತು. ಮಣ್ಣಾಡಿ ಅತ್ತ ಮಗುವಿನ ಕೆನ್ನೆಯ ಹಾಗೆ ಉದ್ದುದ್ದ ಗೆರೆಗಳು. ಮೊದಲಾದರೆ ಇಡೀ ಗೋಡೆ ಒಂದೇ ಸಮ ಕೊಳಕಾಗಿತ್ತು, ಯಾರಿಗೂ ತಿಳಿಯುತ್ತಿರಲಿಲ್ಲ. ಈಗ ಕುರುಡನಿಗೂ ಕಾಣುವಂತಿತ್ತು.

ಸದ್ದಿಗೆ ಓಡಿ ಬಂದ ಆಂಟಿ ಸೊಂಟಕ್ಕೆ ಸೆರಗು ಸಿಕ್ಕಿಸಿದರು. "ಶುರು ಮಾಡಿದ್ಮೇಲೆ ಮುಗಿಸಲೇಬೇಕು. ಮೇಷ್ಟ್ರೇ, ಹೊರಗೆ ಬನ್ನಿ. ಸೋಡ ಕಲಸಿ ಬಳೀರಿ. ಅದರ ಮೇಲೆ ನಾನು ಹುಳಿನೀರು ಹಾಕಿ ತಿಕ್ತೀನಿ."

ತಿಕ್ಕಿದರು. ಗೋಡೆ ಮುಗಿದಾಗ ನೆಲ ಕರ್ರಗೆ ಕಂಡಿತು, ನೆಲ ಮುಗಿದಾಗ ಕಿಟಕಿ. ವಾಚ್ ರಿಪೇರಿಯವನು ನಲ್ಲಿಯ ಬುಡವನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ, ಚಿಲಕದ ಸಂದನ್ನು ಚಿಮಟದಲ್ಲಿ ಹಿಡಿದ ಹತ್ತಿಯಿಂದ ಉಜ್ಜಿದ. ಬೂದಿ ಬಣ್ಣವೆಂದು ಎಲ್ಲರೂ ನಂಬಿದ್ದ ಗೋಡೆ ತಿಳಿಹಸಿರೆಂದು ಮಧ್ಯಾಹ್ನಕ್ಕೆ ಗೊತ್ತಾಯಿತು. ಮೂವರ ಅಂಗೈಯೂ ಬಿಳುಚಿ ಸುಕ್ಕಾಗಿತ್ತು.

ಸಂಜೆ ಓನರಮ್ಮ ಬಂದರು. ಎಂದೂ ಬಿಡದವರು ಇಂದು ಚಪ್ಪಲಿ ಹೊರಗೆ ಬಿಟ್ಟರು. ಗೋಡೆ ಮುಟ್ಟಿ ನೋಡಿದರು, ಬೆರಳು ನೋಡಿಕೊಂಡರು. ಅವರ ಕಣ್ಣಲ್ಲಿ ನೀರು ಬಂತು.

"ಇದು ನಮ್ಮನೇನಾ?"

"ನಿಮ್ಮದೇ ಅಮ್ಮ" ಎಂದ ಅವನು. ಗೆದ್ದೆ ಎನಿಸಿ ನಲ್ಲಿಯನ್ನೂ ತಿರುಗಿಸಿ ತೋರಿಸಿದ.

"ನಿಜ ಹೇಳ್ತೀನಪ್ಪಾ. ಈ ಮನೇನ ನನ್ನ ಮಗಳಿಗೆ ಕೊಡೋಣ ಅಂತ ಬಹಳ ಆಸೆ ಇತ್ತು. ಹೋದ ತಿಂಗಳು ಬಾಗಿಲಲ್ಲೇ ನಿಂತು ಇಣುಕಿ, ಈ ಗವಿಯಲ್ಲಿ ನಾನಿರಲ್ಲ ಅಂದ್ಲು. ಸರಿ, ಇನ್ನು ನೀವೇ ಇರಿ, ಮಗು ಶಾಲೆಗೆ ಹೋಗೋವರೆಗೂ ಇರಿ ಅಂತ ಹೇಳೋಕೆ ಬಂದೆ."

ಓನರಮ್ಮ ಮತ್ತೊಮ್ಮೆ ಗೋಡೆ ಸವರಿದರು.

"ಈಗ ಹಾಗೆ ಹೇಳೋಕೆ ಬಾಯಿ ಬರ್ತಿಲ್ಲ." ಅವರು ಫೋನ್ ತೆಗೆದು, "ಬಾರೇ ಬೇಗ, ಬಂದು ನೋಡು!" ಎಂದರು. ಆಮೇಲೆ ಇವರ ಕಡೆ ತಿರುಗಿ, "ಹೆರಿಗೆ ಆಗೋವರೆಗೂ ಇರಿ. ನಾನೇನು ಕಟುಕಳಲ್ಲ" ಎಂದರು. ಹೋಗುತ್ತ, "ಉಳಿದ ಮನೆಗಳು ಹೇಗಿವೆ?" ಎಂದೂ ಕೇಳಿದರು.

"ನಮ್ಮನೆ ಬಹಳ ಗಲೀಜು, ಕಾಲಿಡೋ ಹಾಗಿಲ್ಲ" ಎಂದರು ಮೇಷ್ಟ್ರು, ಎದುರಿನ ತಮ್ಮ ಬಾಗಿಲಿಗೆ ಅಡ್ಡ ನಿಂತು. ಆಂಟಿ ಆಗಲೇ ಮಹಡಿ ಹತ್ತಿ ಒಳಗಿನಿಂದ ಚಿಲಕ ಹಾಕಿಕೊಂಡಿದ್ದರು.

ಮಗಳನ್ನು ಕಾಯಲು ಓನರಮ್ಮ ಗೇಟಿನ ಹತ್ತಿರ ಇಳಿದು ಹೋದ ಮೇಲೆ ಹೆಂಡತಿ ಮೆಲ್ಲಗೆ ಹೇಳಿದಳು: "ರೀ, ಬಾಣಲೆ ತಳದಲ್ಲಿ ಮಸಿ ಇದೆ."

ಅವನು ಮಸಿ ಬಳಿದುಕೊಂಡ ಅಂಗೈಯನ್ನು ಗೋಡೆಯವರೆಗೂ ಒಯ್ದ. ಕೂದಲೆಳೆಯಷ್ಟು ದೂರದಲ್ಲಿ ಕೈ ನಿಂತುಬಿಟ್ಟಿತು. ಧೂಳು ತೆಗೆದೇ ಹೊಟ್ಟೆ ಹೊರೆದ ಕೈ ಅದು.

"ಇಷ್ಟೂ ಆಗಲ್ವಾ ನಿಮ್ಮ ಕೈಲಿ? ಕೊಡಿ ಇಲ್ಲಿ!" ಹೆಂಡತಿ ಕುರ್ಚಿ ಹಿಡಿದು ಕಷ್ಟಪಟ್ಟು ಎದ್ದಳು. ಬಾಣಲೆ ಕಸಿದುಕೊಂಡು ಗೋಡೆಯೆದುರು ಹೋಗಿ ನಿಂತಳು. ಸಂಜೆಯ ಬೆಳಕು ತೊಳೆದ ಗಾಜಿನಿಂದ ಒಳಗೆ ಬಂದು ತಿಳಿಹಸಿರಿನ ಮೇಲೆ ಬಿದ್ದಿತ್ತು. ಅವಳು ಬಾಣಲೆಯನ್ನು ಸದ್ದಾಗದಂತೆ ಕೆಳಗಿಟ್ಟಳು.

"ಎಷ್ಟು ಚೆನ್ನಾಗಿದೆ ಅಲ್ವೇನ್ರೀ ನಮ್ಮನೆ" ಎಂದಳು.

ಕೆಳಗೆ ಗೇಟು ತೆಗೆದ ಸದ್ದಾಯಿತು.