ಮಾಳಮಡ್ಡಿಯ ಪಡಸಾಲೆಯಲ್ಲಿ ಸಮುದ್ರ

ತಿರುಗಿ ಬಂದರೆ ಹಡಗಿನಲ್ಲೇ ಬರುವುದು, ಇಲ್ಲವಾದರೆ ಮುಂಬಯಿಯ ಅಣ್ಣನ ಮನೆಗೆ ಈ ಜನ್ಮದಲ್ಲಿ ಹೋಗುವುದೇ ಇಲ್ಲ! ಪತ್ರಿಕೆಯಲ್ಲಿ ಹೊಸ ಹಡಗಿನ ಚಿತ್ರ ಕಂಡ ದಿನವೇ ಅಂಬಾಬಾಯಿ ಹೀಗೆಂದು ಭೀಷ್ಮಪ್ರತಿಜ್ಞೆ ಮಾಡಿದಳು. ಗೋವಾ ನಮ್ಮದಾದ ಮೇಲೆ ಮುಂಬಯಿಯಿಂದ ಪಣಜಿಗೆ ಓಡಲು ನೀರಿಗಿಳಿದ ಹೊಚ್ಚಹೊಸ ಹಡಗು ಅದು. ಹೋಗುವಾಗ ರೈಲು, ಬರುವಾಗ ಹಡಗು, ಪಣಜಿಯಿಂದ ಧಾರವಾಡಕ್ಕೆ ಬಸ್ಸು. ಎಲ್ಲವೂ ಗಟ್ಟಿಯಾಗಿತ್ತು. ಯಜಮಾನರ ಮನಸ್ಸೊಂದು ಗಟ್ಟಿಯಾಗಬೇಕಿತ್ತು, ಅಷ್ಟೆ.

ಪಂಢರಿನಾಥರಾಯರು ಸರಕಾರಿ ಕಚೇರಿಯಲ್ಲಿ ಹೆಡ್‌ಕ್ಲಾರ್ಕು. ಮುಂಜಾನೆ ಚಹಾ ಕುಡಿಯುತ್ತ "ಹೋಗೋಣು" ಅನ್ನುವರು. ಸಂಜೆ ಕೊಡೆ ಮಡಚುತ್ತ "ವಿಚಾರ ಮಾಡೋಣು" ಅನ್ನುವರು. ಕಚೇರಿಯಲ್ಲಿ ಕಡತಗಳಿಗೆ ಕಾಣಿಸುವ ಗತಿಯನ್ನೇ ಹಡಗಿಗೂ ಕಾಣಿಸಿದ್ದರು. ಟಿಕೇಟು ತೆಗೆಸಬೇಕಾದ ಅಣ್ಣ ಮುಂಬಯಿಯಲ್ಲಿ ಉತ್ತರಕ್ಕೆ ಕಾದು ಕುಳಿತಿದ್ದ. ಇತ್ತ ಅಂಬಾಬಾಯಿ ಸುದ್ದಿಯನ್ನು ಮಾಳಮಡ್ಡಿಯ ತನ್ನ ಓಣಿಗೆಲ್ಲ ಹಂಚಿ ಮುಗಿಸಿದ್ದಳು. ಇನ್ನು ಹೋಗದಿದ್ದರೆ ಆ ಓಣಿಯಲ್ಲಿ ತಲೆ ಎತ್ತಿ ನಡೆಯುವುದು ಹೇಗೆ? ಅದೂ ಅಲ್ಲದೆ ಸಮುದ್ರ ನೋಡುವ ಆಸೆ ಅವಳಿಗೆ ನಿಜವಾಗಿಯೂ ಇತ್ತು. ಮೊಮ್ಮಗನನ್ನು ಆಡಿಸುವ ವಯಸ್ಸು ಬಂದರೂ ಅವಳು ಕಂಡ ಅತಿ ದೊಡ್ಡ ನೀರೆಂದರೆ ಕೆಲಗೇರಿಯ ಕೆರೆ.

"ಏನ್ರೀ, ಹೂಂ ಅಂತೀರೋ, ಊಹೂಂ ಅಂತೀರೋ?"

"ಮನಸ್ಸು ಹೂಂ ಅಂತದ. ಹೊಟ್ಟಿ ಒಲ್ಲೆ ಅಂತದ."

"ಹೊಟ್ಟಿಗೇನಾಗೇದ?"

"ಹುಬ್ಬಳ್ಳಿ ಬಸ್ಸು ಹತ್ತಿದರ ಬೈರಿದೇವರಕೊಪ್ಪ ಬರೂದರಾಗ ನನ್ನ ತಲಿ ಖಿಡಕಿಯಿಂದ ಹೊರಗಿರ್ತದ. ಹಡಗಿನಾಗ ರಾತ್ರಿಯೆಲ್ಲಾ ತಲಿ ಹೊರಗ ಹಾಕ್ಕೊಂಡು ಕೂಡ್ಲ್ಯಾ?"

"ನಾ ಇಲ್ಲೇನು ಜೋಡಿ? ನನಗ ಒಂದು ದಿನಾನರೆ ಏನರೆ ಆಗೇದ? ಕಲ್ಲು ತಿಂದು ಕರಗಿಸೋ ಹೊಟ್ಟಿ ನನ್ನದು."

ಈ ಹೊಟ್ಟೆಯ ಮಹಿಮೆಯೂ ಓಣಿಗೆ ಬಾಯಿಪಾಠವಾಗಿತ್ತು. ಗಂಡನ ಹೊಟ್ಟೆಯನ್ನೂ ಅಭ್ಯಾಸ ಮಾಡಿಸಿ ಹದಕ್ಕೆ ತರುವುದೆಂದು ಅಂಬಾಬಾಯಿ ನಿಶ್ಚಯಿಸಿದಳು. ಪಡಸಾಲೆಯಲ್ಲಿ ಅತ್ತೆಯ ಕಾಲದ ತೂಗುಮಂಚ ಇತ್ತಲ್ಲ! ರವಿವಾರ ಹೋಳಿಗೆ ಊಟವಾದ ಕೂಡಲೇ ರಾಯರನ್ನು ಅದರ ಮೇಲೆ ಕೂರಿಸಿ, "ಇದೇ ಹಡಗು ಅಂತ ತಿಳೀರಿ" ಎಂದು ಸೆರಗು ಸಿಕ್ಕಿಸಿ ನೂಕಿದಳು. ಮಂಚ ಹಿಂದೆ ಮುಂದೆ ಸಭ್ಯವಾಗಿ ಹೋಗಿಬಂತು. ಸಮುದ್ರಕ್ಕೆಲ್ಲಿಯ ಸಭ್ಯತೆ? ಅಡ್ಡಡ್ಡ ನೂಕಿದಳು. ಮಂಚದ ಮೂಲೆ ಕಿಟಕಿಯಲ್ಲಿ ಬಿಸಿಲಿಗಿಟ್ಟಿದ್ದ ಉಪ್ಪಿನಕಾಯಿ ಭರಣಿಗೆ ಬಡಿದು, ವರ್ಷದ ಮಾವಿನಕಾಯಿ ನೆಲದ ಪಾಲಾಯಿತು. ತಿರುಗಿ ಬರುವಾಗ ಅವಳ ಮೊಣಕಾಲಿಗೂ ಬಡಿಯಿತು. ರಾಯರು ಕಣ್ಣು ಮುಚ್ಚಿಕೊಂಡಿದ್ದರು.

"ಹೊಟ್ಟಿ ತೊಳಸಲಿಕತ್ತದೇನ್ರೀ?"

"ಇಲ್ಲ. ನಿದ್ದಿ ಬರ್ಲಿಕತ್ತದ."

ಒಬ್ಬರೇ ಕುಳಿತರೆ ಹಡಗು ಹಗುರವಾಗುತ್ತದೆಂದು ಅಂಬಾಬಾಯಿ ತಾನೂ ಹತ್ತಿ ಕುಳಿತಳು. "ಈಗ ನೀವು ಕಾಲಿಂದ ಮೀಟ್ರಿ." ಜನ್ಮದಲ್ಲಿ ಯಾವ ಕೆಲಸವನ್ನೂ ಹೇಳಿದ ದಿನ ಮಾಡದ ರಾಯರು ಇದನ್ನು ಮಾತ್ರ ಕೂಡಲೇ ಕೈಗೆತ್ತಿಕೊಂಡರು. ಉದ್ದಕ್ಕೆ ಮೀಟಿದರು, ಅಡ್ಡ ಮೀಟಿದರು, ಓರೆಯಾಗಿ ಮೀಟಿದರು. ಗೋಡೆ ಏರಿತು, ಜಂತಿ ಇಳಿಯಿತು, ಚೆಲ್ಲಿದ ಉಪ್ಪಿನಕಾಯಿಯ ಎಣ್ಣೆ-ಇಂಗಿನ ವಾಸನೆ ಮೂಗಿಗೆ ಅಡರಿತು. ಸಾಕು ಅನ್ನಲು ಅಂಬಾಬಾಯಿಯ ಅಭಿಮಾನ ಬಿಡಲಿಲ್ಲ. ಬಾಯಿ ತೆರೆದರೆ ಬರುವುದು ಮಾತಲ್ಲವೆಂಬ ಖಾತ್ರಿಯೂ ಆಗಿತ್ತು. ಕಡೆಗೆ ಮಂಚದಿಂದ ಹಾರಿ ಬಚ್ಚಲಕ್ಕೆ ಓಡಿದಳು. ಹೋಳಿಗೆಗಳೆಲ್ಲ ಹೊರಗೆ ಬಂದವು. ಗೋಡೆ ಹಿಡಿದು ಪಡಸಾಲೆಗೆ ಮರಳಿ, ಒಡೆದ ಭರಣಿಯ ತಳದಲ್ಲಿ ಉಳಿದಿದ್ದ ಒಂದು ಮಾವಿನ ಹೋಳನ್ನು ಬಾಯಿಗೆ ಹಾಕಿಕೊಂಡಾಗ ಜೀವ ತುಸು ಸ್ತಿಮಿತಕ್ಕೆ ಬಂತು.

ಬಾಗಿಲಲ್ಲಿ ಪಕ್ಕದ ಮನೆಯ ಕಸ್ತೂರೆವ್ವ ನಿಂತಿದ್ದಳು. ಕೈಯಲ್ಲಿ ಅಕ್ಕಿ, ಕಾಯಿ, ಕುಪ್ಪಸದ ಖಣ. ಊರಿಗೆ ಹೊರಟವಳಿಗೆ ಉಡಿ ತುಂಬಲು ಬಂದವಳು ಬಚ್ಚಲದ ಸದ್ದನ್ನೂ ಕೇಳಿದ್ದಳು, ಮಾವಿನ ಹೋಳನ್ನೂ ನೋಡಿದ್ದಳು.

"ಯಾವಾಗಿಂದ ಹಿಂಗ್ರಿ, ವೈನಿ?"

"ಈಗ, ಊಟಾದ ಮ್ಯಾಲೆ."

"ಹುಳಿ ತಿನಬೇಕು ಅನಸ್ತೈತೇನ್ರಿ?"

"ಬಾಯಾಗ ಹುಳಿ ಇದ್ದರ ಸ್ವಲ್ಪ ಹಗುರ ಅನಸ್ತದ."

ಕಸ್ತೂರೆವ್ವನ ಮುಖ ಅರಳಿತು. ಅಷ್ಟರಲ್ಲಿ ಮಂಚದ ಮೇಲಿಂದ ರಾಯರ ದನಿ ಬಂತು. "ನನ್ನ ನಿರ್ಧಾರ ಆತು ನೋಡು. ಹಡಗಿನಾಗ ಹೋಗೋಣು. ಇಷ್ಟು ಸುಖ ಅದ ಅಂತ ಗೊತ್ತಿರಲಿಲ್ಲ."

"ಇಂಥಾದ್ರಾಗ ಹಡಗ ಹತ್ತಸ್ತೀರೇನ್ರಿ, ರಾಯರ? ಓಣ್ಯಾಗ ನಾವೆಲ್ಲಾ ಸತ್ತೇವೇನು? ವೈನಿ, ನೀವು ಕೂಡ್ರಿ. ಹೆಂಗೂ ಉಡಿ ತುಂಬಾಕ ಬಂದೇನಿ. ಊರಿಗೆ ತುಂಬೂದು ಬ್ಯಾಡ, ಕೂಸಿಗೆ ತುಂಬತೇನಿ."

ಕೂಸು ಎಂದಾಗಲೇ ಅಂಬಾಬಾಯಿಗೆ ಎಲ್ಲ ತಿಳಿದದ್ದು. ಸುಮ್ಮನಿದ್ದರೆ ಓಣಿ ನಾಳೆಯಿಂದ ತಿಂಗಳು ಎಣಿಸುತ್ತದೆ, ಸುದ್ದಿ ಬೀಗರ ಮನೆಗೂ ಮುಟ್ಟುತ್ತದೆ. ಬಾಯಿ ಬಿಟ್ಟರೆ ಇಷ್ಟು ದಿನದ ಬಡಾಯಿ ಮಣ್ಣುಪಾಲು. ರಾಯರೇನಾದರೂ ಕೈ ಹಿಡಿದಾರೆಂದು ನೋಡಿದರೆ ಅವರು ಧೋತರದ ಚುಂಗು ಬಾಯಿಗೆ ತುರುಕಿಕೊಂಡು ನಗುತ್ತಿದ್ದರು. ಸಿಟ್ಟನ್ನೂ ಅಭಿಮಾನವನ್ನೂ ಒಟ್ಟಿಗೇ ನುಂಗಿದಳು.

"ಕಸ್ತೂರೆವ್ವಾ, ನೀ ತಿಳದಂಗ ಏನೂ ಇಲ್ಲವಾ. ಹಡಗು ದೂರ ಉಳೀತು, ನನಗ ಮನ್ಯಾಗಿನ ಈ ಮಂಚ ತೂಗಿದರೂ ತಡಕೊಳ್ಳಲಿಕ್ಕಾಗೂದಿಲ್ಲ. ಕಲ್ಲು ಕರಗಿಸೋ ಹೊಟ್ಟಿ ಅಂದದ್ದೆಲ್ಲಾ ಬರೇ ಬಡಾಯಿ."

ಕಸ್ತೂರೆವ್ವ ಅವಳ ಮಡಿಲಿಗೆ ಅಕ್ಕಿ ಸುರಿದು, ತಾಯಿಯಂತೆ ಬೆನ್ನು ಸವರಿದಳು.

"ಮೊದಲ ಮೂರು ತಿಂಗಳು ಎಲ್ಲಾರಿಗೂ ಹಂಗ ಆಗ್ತೈತ್ರಿ, ವೈನಿ."