ಅರಿಶಿನದ ಗೋದಾಮಿನಲ್ಲಿ ಕೆಂಪು ಕಾರು

ನಾನು ಅನುಮಾನದ ಮನುಷ್ಯ. ಇದನ್ನು ನನ್ನ ಹೆಂಡತಿ ಸುನಂದಾ ಹೇಳುವ ಮೊದಲು ನಾನೇ ಹೇಳಿಬಿಡುವುದು ಮೇಲು. ಹಾಲಿನವನು ನಕ್ಕರೆ ನೀರು ಬೆರೆಸಿದ್ದಾನೆ ಅನ್ನಿಸುತ್ತದೆ. ನಗದಿದ್ದರೆ ಜಾಸ್ತಿಯೇ ಬೆರೆಸಿ ಹೆದರಿಕೊಂಡಿದ್ದಾನೆ ಅನ್ನಿಸುತ್ತದೆ. ಸಾಂಗ್ಲಿಯಲ್ಲಿ ಅರಿಶಿನದ ವ್ಯಾಪಾರ ಮಾಡುವವನಿಗೆ ಇದು ರೋಗವಲ್ಲ, ಬಂಡವಾಳ. ನಮ್ಮಪ್ಪ ಚೀಲದ ತಳಕ್ಕೆ ಕೈಹಾಕಿ ಒಂದು ಕೊಂಬು ಎಳೆದು, ಮುರಿದು, ಒಳಗಿನ ಬಣ್ಣ ನೋಡಿ, ಅಂಗೈಗೆ ಉಜ್ಜಿ ಮೂಸಿ, ಆಮೇಲೂ ನಂಬುತ್ತಿರಲಿಲ್ಲ. ನಾನು ಅವರ ಮಗ.

ಇಂಥವನು ಸ್ಪೋರ್ಟ್ಸ್ ಕಾರು ಹೇಗೆ ಕೊಂಡ ಎಂದು ನೀವು ಕೇಳಬಹುದು. ಆಗ ದೇಶದ ಬಾಗಿಲು ತೆರೆಯಿತೆಂದು ಪತ್ರಿಕೆಗಳು ಬರೆಯುತ್ತಿದ್ದ ಕಾಲ. ಅದಕ್ಕೆ ಮೊದಲು ಸ್ಕೂಟರಿಗೆ ಹೆಸರು ಬರೆಸಿದರೆ ಅದು ಮನೆಗೆ ಬರುವಷ್ಟರಲ್ಲಿ ಮದುವೆಯಾಗಿ ಮಕ್ಕಳೂ ಆಗಿರುತ್ತಿದ್ದವು. ಈಗ ನೋಡಿದರೆ ಸಾಂಗ್ಲಿ-ಮಿರಜ ರಸ್ತೆಯಲ್ಲಿ, ಮೊನ್ನೆ ಮೊನ್ನೆಯವರೆಗೆ ಜೋಳ ಬೆಳೆಯುತ್ತಿದ್ದ ಜಾಗದಲ್ಲಿ, ಗಾಜಿನ ಷೋರೂಮು ಎದ್ದಿತ್ತು. ಅದರೊಳಗೆ ನೆಲಕ್ಕೆ ಅಂಟಿಕೊಂಡಂತೆ ಕೂತಿತ್ತು ಒಂದು ಕೆಂಪು ಕಾರು. ಸುಳ್ಳೇಕೆ, ನನಗೆ ಅದರ ಮೇಲೆ ಮನಸ್ಸು ಬಂತು. ಜೀವಮಾನವಿಡೀ ಹಳದಿ ಬಣ್ಣವನ್ನೇ ನೋಡಿದ ಕಣ್ಣಿಗೆ ಆ ಕೆಂಪು ಹಬ್ಬದಂತೆ ಕಂಡಿತು. ಸುನಂದಾ ಮಾತ್ರ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಎರಡಽ ಬಾಗಲಾ? ನಮ್ಮ ಅತ್ತಿಯವರು ಎಲ್ಲಿಂದ ಹತ್ತಬೇಕ್ರಿ?" ಎಂದು ಕೇಳಿದಳು. ಮಾರುವ ಹುಡುಗ ಎಲ್ಲ ಪ್ರಶ್ನೆಗೂ "ವಾರಂಟಿ ಅದರೀ" ಅನ್ನುತ್ತಿದ್ದ. ನನಗೆ ಅಲ್ಲಿಯೇ ಅನುಮಾನ ಬಂತು. ಕೆಡುವುದೇ ಇಲ್ಲವಾದರೆ ವಾರಂಟಿ ಯಾಕೆ? ಕೊಡುತ್ತಾರೆಂದರೆ, ಕೆಡುತ್ತದೆಂದು ಇವರಿಗೆ ಮೊದಲೇ ಗೊತ್ತು. ಆದರೂ ಕೊಂಡೆ.

ಮುಂದಿನ ಪ್ರಶ್ನೆ, ಅದನ್ನು ನಿಲ್ಲಿಸುವುದೆಲ್ಲಿ? ಎದುರುಮನೆಯ ಮಾನೆ ಕಾಕಾ ನಿವೃತ್ತ ಮಾಸ್ತರರು. ಅವರ ಅಂಗಳದ ಶೆಡ್ಡು ವರ್ಷಗಳಿಂದ ಖಾಲಿ. ಕಾರು ಬಂದ ದಿನವೇ ನಾನು ಹಂಚಿದ ಪೇಢೆ ತಿನ್ನುತ್ತ, "ಶೇಟಜೀ, ನಮ್ಮ ಶೆಡ್ಡಿನ್ಯಾಗ ನಿಲ್ಲಸ್ರಿ, ಪುಕ್ಕಟೆ" ಎಂದರು. ಪುಕ್ಕಟೆ! ಯಾವ ಮನುಷ್ಯ ಸುಮ್ಮಸುಮ್ಮನೆ ಜಾಗ ಕೊಡುತ್ತಾನೆ? ಬುಧಗಾಂವದಿಂದ ಅವರ ಅಳಿಯ ಬಂದಾಗ ಒಳಗೆ ಕೂರಿಸುತ್ತಾರೆ, ಅಳಿಯ ಹಾರ್ನು ಒತ್ತುತ್ತಾನೆ, ಮೊಮ್ಮಕ್ಕಳು ಸೀಟಿನ ಮೇಲೆ ಕುಣಿಯುತ್ತವೆ. ನಾನು ನಯವಾಗಿ ಬೇಡವೆಂದು, ಕಾರನ್ನು ನಮ್ಮ ಗೋದಾಮಿನೊಳಗೆ ನಿಲ್ಲಿಸಿ ಅಪ್ಪನ ಕಾಲದ ದೊಡ್ಡ ಬೀಗ ಜಡಿದೆ.

ಬೀಗ ಹಾಕಿದರೂ ಮನಸ್ಸಿಗೆ ಸಮಾಧಾನವಿಲ್ಲ. ಸ್ಪೋರ್ಟ್ಸ್ ಕಾರುಗಳ ಎಂಜಿನ್ ಬೇಗ ಕಾಯುತ್ತದೆಂದು ಮಾರ್ಕೆಟ್ ಯಾರ್ಡಿನಲ್ಲಿ ಯಾರೋ ಅಂದಿದ್ದರು. ಹೀಗಾಗಿ ದಿನಾ ಬೆಳಿಗ್ಗೆ ಗೋದಾಮಿನಲ್ಲಿಯೇ ಎಂಜಿನ್ ಚಾಲೂ ಮಾಡಿ, ಉಷ್ಣತೆಯ ಮುಳ್ಳನ್ನೇ ದಿಟ್ಟಿಸುತ್ತ ಕೂರತೊಡಗಿದೆ. ಪಕ್ಕದಲ್ಲಿ ಅರಿಶಿನದ ಕೊಂಬು ಉಜ್ಜಿ ಹೊಳಪು ಕೊಡುವ ಡ್ರಮ್ಮು ಗಡಗಡ ತಿರುಗುತ್ತಿರುತ್ತಿತ್ತು. ಮುಳ್ಳು ಮೊದಮೊದಲು ನಡುವಿನಲ್ಲಿತ್ತು. ದಿನ ಕಳೆದಂತೆ ಸ್ವಲ್ಪ ಮೇಲೆ ಸರಿಯಿತು. ನಾನಂದುಕೊಂಡಿದ್ದೇ ಸರಿ ಎಂದು ಒಳಗೊಳಗೇ ಖುಷಿಯೂ ಆಯಿತು. ಮತ್ತಷ್ಟು ಹೊತ್ತು ಎಂಜಿನ್ ಓಡಿಸಿ ನೋಡತೊಡಗಿದೆ.

ಹೊಳೆಯಾಚೆಯ ಸಾಂಗ್ಲಿವಾಡಿಯಲ್ಲಿ ಸುನಂದಾಳ ಮಾವಶಿಯ, ಅಂದರೆ ಚಿಕ್ಕಮ್ಮನ, ಮನೆಯಲ್ಲಿ ಊಟಕ್ಕೆ ಕರೆದಿದ್ದರು. ಕೃಷ್ಣೆಯ ಸೇತುವೆಯ ನಟ್ಟನಡುವೆ ಮುಳ್ಳು ಕೆಂಪು ಗೆರೆ ದಾಟಿತು, ಬಾನೆಟ್ಟಿನಿಂದ ಹೊಗೆ ಎದ್ದಿತು, ಕಾರು ನಿಂತಿತು. ಹಿಂದೆ ಬಸ್ಸು, ಎತ್ತಿನಗಾಡಿ, ಸೈಕಲ್ಲು ಎಲ್ಲವೂ ನಿಂತವು. ಹಾಲಿನ ಕ್ಯಾನಿನವನೊಬ್ಬ ಇಣುಕಿ, "ಶೇಟಜೀ, ಚಹಾಕ್ಕ ನೀರ ಇಟ್ಟೀರೇನ್ರಿ?" ಎಂದ. ಆ ಹೊಗೆಯಲ್ಲಿ ಯಾಕೋ ಒಗ್ಗರಣೆಯ ವಾಸನೆ ಬಂದಂತಾಯಿತು. ಮಾವಶಿ ಸಾರು ಕುದಿಸುತ್ತಿರಬೇಕು, ಗಾಳಿ ಈ ಕಡೆಗಿದೆ ಅಂದುಕೊಂಡೆ. ರೇಷ್ಮೆ ಸೀರೆಯುಟ್ಟು ಸೇತುವೆಯ ಬಿಸಿಲಿನಲ್ಲಿ ನಿಂತ ಸುನಂದಾ ಶಾಂತವಾಗಿ ಹೇಳಿದಳು: "ಕಂಪನಿಯವರು ವಾರಂಟಿಯೊಳಗ ರಿಪೇರಿ ಮಾಡಿಕೊಟ್ರ ಇಟ್ಕೊಳ್ರಿ. ಇಲ್ಲಂದ್ರ ಇದನ್ನ ಮಾರಿ ನಾಕ ಬಾಗಲದ್ದು ತರ್ರಿ." ಅವಳು ಕೂಗಾಡಿದ್ದರೆ ನನಗೆ ಇಷ್ಟು ಭಯವಾಗುತ್ತಿರಲಿಲ್ಲ. ಆ ಕಾರು ಹೋದರೆ ನಾನು ಮತ್ತೆ ಹಳದಿ ಮನುಷ್ಯ. ನಿಜವಾಗಿ ಸಂಕಟವಾಯಿತು.

ಷೋರೂಮಿನ ಹಿಂದಿನ ಸರ್ವಿಸ್ ಶೆಡ್ಡಿಗೆ ಕಾರನ್ನು ಎಳೆಸಿಕೊಂಡು ಹೋದೆ. ಮ್ಯಾನೇಜರ್ ಕುಲಕರ್ಣಿಯವರು ಮಿರಜದವರು, ಕನ್ನಡ ಬಲ್ಲವರು. ನನಗೆ ಅನುಕೂಲವಾಯಿತು, ಮನಸಾರೆ ಬೈಯಲು ಬಂತು. ಹಳೇ ಎಂಜಿನ್ನಿಗೆ ಬಣ್ಣ ಬಳಿದು ಕೊಟ್ಟಿದ್ದೀರಿ ಎಂದೆ. ಪುಣೆಯಲ್ಲಿ ಓಡಿಸಿದ ಗಾಡಿಯನ್ನು ನನಗೆ ದಾಟಿಸಿದ್ದೀರಿ ಎಂದೆ. ಅವರು ರೇಡಿಯೇಟರ್ ಬಿಚ್ಚಿಸಿ, ಒಂದು ಪತ್ರಿಕೆ ಹಾಸಿ, ಅದರ ಮೇಲೆ ಅದನ್ನು ಕುಟ್ಟಿಸಿದರು. ಹಳದಿ ಚಕ್ಕೆಗಳು ಉದುರಿದವು.

"ಗಾಡಿ ಎಲ್ಲಿ ನಿಲ್ಲಸ್ತೀರಿ?"

"ಗೋದಾಮದಾಗ."

"ಯಾತರ ಗೋದಾಮ್ರಿ?"

ನಾನು ಅಂಗಿಯ ತೋಳಿನ ಹಳದಿ ಕಲೆಯನ್ನು ಮಡಚಿ ಮುಚ್ಚಿಕೊಂಡೆ. ಕುಲಕರ್ಣಿ ಹೇಳಿದರು: "ಫ್ಯಾನು ಧೂಳ ಎಳಕೊಂಡದ, ಹಸೀ ಹವಾಕ್ಕ ಅದು ಮೆತ್ತಿಕೊಂಡದ. ಗಾಳಿ ಆಡಲಿಕ್ಕ ಜಾಗಾನಽ ಇಲ್ಲ. ಹೊರಗಿನ ಧೂಳಿಗೆ ವಾರಂಟಿ ಇಲ್ರಿ." ನಾನು ಸುಮ್ಮನಿರುವವನೇ? ಇದು ಅರಿಶಿನವೆಂದು ಯಾರು ಹೇಳಿದರು, ಷೋರೂಮಿನ ಹಿಂದಿನ ಮಣ್ಣೂ ಹಳದಿಯೇ, ನೀವೇ ತುಂಬಿದ್ದೀರಿ ಎಂದು ವಾದಿಸಿದೆ. ಅವರು ಒಂದು ಚಕ್ಕೆ ಎತ್ತಿ ನನ್ನ ಕೈಗಿಟ್ಟು, "ನೀವಽ ಪರೀಕ್ಷಾ ಮಾಡ್ರಿ" ಎಂದರು.

ಅಲ್ಲಿ ಕೆಟ್ಟೆ. ಕೈಗೆ ಬಂದದ್ದನ್ನು ಪರೀಕ್ಷಿಸದೆ ಬಿಡುವ ಕುಲ ನಮ್ಮದಲ್ಲ. ಪುಡಿ ಮಾಡಿದೆ, ಅಂಗೈಗೆ ಉಜ್ಜಿದೆ, ಬಿಸಿಲಿಗೆ ಹಿಡಿದೆ, ಮೂಸಿದೆ. ಬಾಯಿ ತಾನಾಗಿಯೇ ಹೇಳಿಬಿಟ್ಟಿತು: "ಒಂದನೇ ದರ್ಜೆ ರಾಜಾಪುರಿ ಅರಿಶಿನ. ಬೆರಕೀನಽ ಇಲ್ಲ. ನಮ್ಮ ಅಂಗಡಿದಽ ಮಾಲು!" ಆ ದನಿಯಲ್ಲಿ ಹೆಮ್ಮೆಯೂ ಇತ್ತು. ಕುಲಕರ್ಣಿ ಕೈಮುಗಿದರು. ವಾರಂಟಿ ಮುಗಿಯಿತು.

ಅವರು ನನ್ನ ಖರ್ಚಿನಲ್ಲಿಯೇ ರೇಡಿಯೇಟರ್ ತೊಳೆಸಿ ಕೊಟ್ಟರು, ಕಾರು ಸರಿಯಾಯಿತು. ಆದರೆ ಸುನಂದಾಳ ಷರತ್ತು ಹಾಗೆಯೇ ಇತ್ತು. ಮನೆಗೆ ಬಂದು ತಲೆತಗ್ಗಿಸಿ ನಡೆದದ್ದನ್ನೆಲ್ಲ ಹೇಳಿದೆ. ಅವಳು ಕಣ್ಣಲ್ಲಿ ನೀರು ಬರುವಷ್ಟು ನಕ್ಕು, "ಮಾರಬ್ಯಾಡ್ರಿ, ಇರ್ಲಿ. ಆದ್ರ ಮಾನೆ ಕಾಕಾನ ಶೆಡ್ಡಿನ್ಯಾಗ ನಿಲ್ಲಸ್ರಿ. ಇನ್ನೊಂದ ಕೀಲಿ ಅವರ ಕಡೆನಽ ಇರ್ಲಿ" ಎಂದಳು. ಇದಕ್ಕಿಂತ ಮಾರುವುದೇ ವಾಸಿ ಅನ್ನಿಸಿದರೂ ಒಪ್ಪಿಕೊಂಡೆ.

ಮಳೆಗಾಲ ಹೋಗಿ ಚಳಿಗಾಲ ಬಂತು. ಕಾರು ಕಾಕಾನ ಶೆಡ್ಡಿನಲ್ಲಿ ತಣ್ಣಗಿದೆ. ಮುಳ್ಳು ನಡು ಬಿಟ್ಟು ಅಲುಗಿಲ್ಲ. ಅಳಿಯ ಬಂದು ಹೋದ, ಮೊಮ್ಮಕ್ಕಳು ರಜೆ ಕಳೆದು ಹೋದವು, ಕಾರಿನ ಮೇಲೆ ಒಂದು ಬೆರಳಿನ ಗುರುತಿಲ್ಲ. ಬಾಗಿಲ ಸಂದಿಯಲ್ಲಿ ನಾನು ಅಡಗಿಸಿಟ್ಟಿದ್ದ ದಾರದ ಎಳೆಯೂ ಹಾಗೆಯೇ ಇದೆ. ಅದೇ ನನ್ನ ನಿದ್ದೆ ಕೆಡಿಸಿದೆ. ಇಷ್ಟು ಚೆಂದದ ಕಾರು, ಕೈಯಲ್ಲಿ ಕೀಲಿ, ಆದರೂ ಆ ಮಾಸ್ತರರು ಒಮ್ಮೆಯೂ ಒಳಗೆ ಕೂತು ನೋಡಿಲ್ಲ ಅಂದರೇನರ್ಥ? ಈ ಗಾಡಿಯಲ್ಲಿ ಏನೋ ಐಬಿದೆ, ಅದು ಅವರಿಗೆ ಗೊತ್ತಾಗಿದೆ, ನನಗೆ ಹೇಳುತ್ತಿಲ್ಲ.